ಊರು ಬಿಡುವವನ ಕಾಯಕ

‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಈ ಗಾದೆಯು ಉಪದೇಶವೋ ಪರಿಹಾಸವೋ ಎಂಬದನ್ನು ನಿಂತು ವಿಚಾರಿಸಿದವರು ವಿರಳ. ಕೆಟ್ಟವನಿಗೆ ಪಟ್ಟಣವು ಅನ್ನ ಕೊಡುವದೆಂದು ಕೆಲವರು ಅರ್ಥ ಹೇಳುವರು. ಕೆಟ್ಟವನ ನಾಚಿಕೆಯನ್ನು ಪಟ್ಟಣದ ಗದ್ದಲವು ಮುಚ್ಚುವದೆಂದು ಮತ್ತೆ ಕೆಲವರು. ಕೆಡದವನು, ಎಂದರೆ ಮನೆಯಲ್ಲಿ ಗಂಜಿಗೆ ಕೊರತೆಯಿಲ್ಲದ ತರುಣನು, ಅಲ್ಲಿ ಯಾವ ಕೆಲಸವೂ ನಿಶ್ಚಯವಾಗದಿರುವಾಗಲೇ ಹೊಸ ಊರಿಗೆ ಹೊರಟು ನಿಂತರೆ ಅದು ಧೈರ್ಯವೋ, ಅವಿವೇಕವೋ? ಗಾದೆಯು ಇದಕ್ಕೆ ಉತ್ತರ ಹೇಳುವದಿಲ್ಲ. ಶರಣರ ನಡೆಯಲ್ಲಿ ಉತ್ತರ ದೊರೆಯುವದೇ ಎಂದು ನೋಡುವದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನಲ್ಲಿ ತಾನಾಗಿ ಹುಟ್ಟಿದುದಲ್ಲ. ಒಬ್ಬ ಗೃಹಸ್ಥರು ತಂದು ನನ್ನ ಮುಂದಿಟ್ಟುದು. ಶ್ರಾವಣಮಾಸದ ಒಂದು ಸಂಜೆ ಮಠದಲ್ಲಿ ಪುರಾಣ ಮುಗಿದು, ಪ್ರಸಾದವಾಗಿ, ಜನರು ಚದುರಿದ ಮೇಲೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಭಕ್ತರು ಮಗನನ್ನು ಮುಂದಿಟ್ಟುಕೊಂಡು ಬಂದರು. ಅವರದು ಎರಡೆಕರೆ ಭತ್ತ, ಒಂದಿಷ್ಟು ಕಬ್ಬು. ಮಗನು ವಿದ್ಯುತ್ ಶಾಖೆಯಲ್ಲಿ ಡಿಪ್ಲೊಮಾ ಮುಗಿಸಿದವನು. ಬೆಂಗಳೂರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದನು. ಅಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ.

“ನೀವರೆ ಹೇಳ್ರಿ ಮಾಸ್ತರ್ರ. ಕೆಲಸ ಸಿಕ್ಕ ಮ್ಯಾಲೆ ಹೋಗಲಿ, ಬ್ಯಾಡ ಅನ್ನೂದಿಲ್ಲ. ಬರಿಗೈಲೆ ಹೋಗಿ ಯಾರ ಕಟ್ಟಿ ಮ್ಯಾಲೆ ಮಲಗ್ತಾನ?” ಎಂದು ತಂದೆ ಕೇಳಿದರು.

“ಇಲ್ಲೆ ಕುಂತು ಅರ್ಜಿ ಹಾಕಿದರ ಯಾರೂ ಕರೆಯೂದಿಲ್ರಿ ಸರ್. ನಾಳೆ ಬಾ ಅಂದ್ರ ನಾಳೆ ಬರೂ ಅಂಥವರನ್ನ ಅವರು ತಗೋತಾರ,” ಎಂದು ಮಗನು ನೆಲವನ್ನು ನೋಡುತ್ತ ಹೇಳಿದನು.

ಇಬ್ಬರ ಮಾತೂ ಸತ್ಯವಾಗಿದ್ದಿತು. ಎಂಟು ದಿನ ಬಿಟ್ಟು ಬರಲು ಹೇಳಿ ಕಳುಹಿಸಿದೆನು. ಮೂವತ್ತು ವರ್ಷಗಳಿಂದ ಮಕ್ಕಳಿಗೆ ವಚನಗಳ ಅರ್ಥ ಹೇಳುತ್ತಿರುವ ನನಗೆ ಆ ಕ್ಷಣದಲ್ಲಿ ಬಾಯಿ ಬಾರದಿರಲು ಎರಡು ಕಾರಣಗಳಿದ್ದವು.

ಮೊದಲನೆಯದು ನನ್ನ ತಂದೆಯವರದು. ಅವರು ನವಲಗುಂದದ ಕಡೆಯ ಎರೆಭೂಮಿಯ ಹಳ್ಳಿಯವರು. ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಗಿರಣಿಯು ಸ್ಥಾಪಿತವಾಗಿ, ಕಾಡಿನ ಬಿದಿರು ಕಾಗದವಾಗತೊಡಗಿದ ಕಾಲದಲ್ಲಿ, ‘ಅಲ್ಲಿ ದುಡಿಯುವವರಿಗೆ ಕೂಳುಂಟು’ ಎಂಬ ಸುದ್ದಿಯೊಂದನ್ನೇ ನೆಚ್ಚಿ, ಒಂದು ಕಂಬಳಿ ಹಾಗೂ ರೊಟ್ಟಿಯ ಗಂಟಿನೊಡನೆ ಬಂದರು. ಸುಮಾರು 1960ರ ಮಾತು. ಕಾರ್ಖಾನೆಗಳ ಬಾಗಿಲಲ್ಲಿ ನಿಂತರು, ಒಳಗೆ ಕರೆಯಲಿಲ್ಲ. ಎತ್ತು ಹೂಡುವದೊಂದು ಅವರಿಗೆ ತಿಳಿದಿದ್ದಿತು. ಬಿದಿರು ಸಾಗಿಸುವ ಗುತ್ತಿಗೆದಾರರೊಬ್ಬರ ಗಾಡಿ ಹೊಡೆದರು. ಒಬ್ಬ ಕಿರಾಣಿ ಅಂಗಡಿಯವರು ರಾತ್ರಿ ತಮ್ಮ ಕಟ್ಟೆಯ ಮೇಲೆ ಮಲಗಲು ಬಿಟ್ಟರು. ಪ್ರತಿಯಾಗಿ ತಂದೆಯವರು ಮುಂಜಾನೆ ಅಂಗಡಿಯ ಅಂಗಳ ಗುಡಿಸಿ ನೀರು ತುಂಬುತ್ತಿದ್ದರು. ಅವರು ಹಾಗೆ ಬರದಿದ್ದರೆ ನಾನು ಈ ಸೀಮೆಯಲ್ಲಿರುತ್ತಿರಲಿಲ್ಲ. ಅಕ್ಷರವನ್ನೂ ಕಲಿಯುತ್ತಿದ್ದೆನೋ ಇಲ್ಲವೋ.

ಎರಡನೆಯದು ನನ್ನ ತಪ್ಪು. ಹದಿನೈದು ವರ್ಷಗಳ ಹಿಂದೆ ನನ್ನ ಜಾಣ ಶಿಷ್ಯನೊಬ್ಬನು ಇದೇ ಪ್ರಶ್ನೆಯನ್ನು ಕೇಳಿದ್ದನು. ಆಗ ನಾನು ಹಿಂದುಮುಂದೆ ನೋಡದೆ, “ನೇಮಕದ ಪತ್ರ ಕೈಗೆ ಬಂದ ಹೊರತು ಊರು ಬಿಡಬೇಡ” ಎಂದೆನು. ಅವನು ಗುರುವಾಕ್ಯವೆಂದು ನಂಬಿ ಕುಳಿತನು. ಅರ್ಜಿ, ಪರೀಕ್ಷೆ, ಮತ್ತೆ ಅರ್ಜಿ. ಹೀಗೆ ಆರು ವರ್ಷಗಳಾದವು. ವಯಸ್ಸಿನ ಮಿತಿ ಮೀರಿತು. ಹೊಲದ ಕೆಲಸವನ್ನು ‘ಇಂದೋ ನಾಳೆಯೋ ಹೋಗುವವನು’ ಎಂದು ಮಾಡಲಿಲ್ಲ, ಹೋಗಲೂ ಇಲ್ಲ. ಈಗ ದಾಂಡೇಲಿಯಲ್ಲಿ ಪ್ರವಾಸಿಗರ ವಸತಿಗೃಹವೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕಂಡಾಗ ಕಾಲಿಗೆರಗುತ್ತಾನೆ, ಒಂದು ದಿನವೂ ದೂರಿದವನಲ್ಲ. ಅವನು ದೂರದಿರುವದೇ ನನಗೆ ಭಾರವಾಗಿದೆ. ತಂದೆಯವರ ಸಾಹಸದ ಫಲವನ್ನುಂಡು ಬೆಳೆದ ನಾನು ಮತ್ತೊಬ್ಬರ ಮಗನಿಗೆ ಆ ಸಾಹಸವನ್ನು ನಿಷೇಧಿಸಿದೆನು. ಅದು ವಿವೇಕವಾಗಿದ್ದಿತೋ, ಸಂಬಳದ ನೆರಳಲ್ಲಿ ಕುಳಿತವನ ಅಂಜಿಕೆಯಾಗಿದ್ದಿತೋ ಎಂಬದನ್ನು ಈಗಲೂ ಕೇಳಿಕೊಳ್ಳುತ್ತಿದ್ದೇನೆ.

ಮೊದಲು ಎರಡು ಶಬ್ದಗಳನ್ನು ಪರಿಶೀಲಿಸುವಾ. ‘ಉದ್ಯೋಗ’ವೆಂಬ ಸಂಸ್ಕೃತ ಶಬ್ದಕ್ಕೆ ಪ್ರಯತ್ನ, ಸನ್ನಾಹ ಎಂಬದು ಮೂಲಾರ್ಥ. ಮಹಾಭಾರತದ ಉದ್ಯೋಗಪರ್ವವು ಯಾರಿಗೂ ನೌಕರಿ ಸಿಕ್ಕ ಕಥೆಯಲ್ಲ. ಆದರೆ ಇಂದು ಉದ್ಯೋಗವೆಂದರೆ ಮತ್ತೊಬ್ಬರು ಕೊಡುವ ಸ್ಥಾನ. ಕೊಟ್ಟವರು ಅದನ್ನು ಕಸಿದುಕೊಳ್ಳಲೂಬಹುದು. ‘ಕಾಯಕ’ವು ಹಾಗಲ್ಲ. ಕಾಯದಿಂದ ಹುಟ್ಟಿದ ಶಬ್ದವದು. ಕಾಯವಿರುವವರೆಗೆ ಅದು ತನ್ನದೇ. ಆದುದರಿಂದ ಉದ್ಯೋಗವಿಲ್ಲದೆ ಊರು ಬಿಡುವದು ಬೇರೆ, ಕಾಯಕವಿಲ್ಲದೆ ಊರು ಬಿಡುವದು ಬೇರೆ. ಮೊದಲನೆಯದರಲ್ಲಿ ಕೈ ಬರಿದಾಗಿರುವಂತೆ ಕಾಣುವದು; ಎರಡನೆಯದರಲ್ಲಿ ನಿಜವಾಗಿಯೂ ಬರಿದಾಗಿರುವದು.

ಶರಣರ ಚರಿತ್ರೆಯನ್ನು ತೆರೆದು ನೋಡಿದರೆ ಕಲ್ಯಾಣವು ಬಹುಮಟ್ಟಿಗೆ ಹೊರಗಿನಿಂದ ಬಂದವರ ಪಟ್ಟಣವೆಂಬದು ಗೊತ್ತಾಗುವದು. ಬಸವಣ್ಣನವರೇ ಬಾಗೇವಾಡಿಯ ತೌರನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದವರು. ಅಲ್ಲಿಂದ ಮಂಗಳವೇಡೆಗೆ ನಡೆದವರು. ಮಂಗಳವೇಡೆಯಲ್ಲಿ ಅವರಿಗಾಗಿ ಯಾವ ಅಧಿಕಾರವೂ ಕಾದಿರಲಿಲ್ಲ. ಕರಣಶಾಲೆಯಲ್ಲಿ ಲೆಕ್ಕದ ತಪ್ಪನ್ನು ಕಂಡು ತೋರಿಸಿದುದರಿಂದ ಅವರು ಕರಣಿಕರಾದರೆಂದು ಪರಂಪರೆಯ ಕಥೆಯು ಹೇಳುತ್ತದೆ. ಅವರು ತಂದುದು ಶಿಫಾರಸನ್ನಲ್ಲ, ಲೆಕ್ಕವನ್ನು ಬಲ್ಲ ವಿದ್ಯೆಯನ್ನು.

ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಪತ್ನಿಯೊಡನೆ ಕಲ್ಯಾಣಕ್ಕೆ ಬಂದರೆಂಬ ಐತಿಹ್ಯವುಂಟು. ಬಂದವರು ಅರಮನೆಯನ್ನು ಹುಡುಕಲಿಲ್ಲ; ಕಾಡಿನ ಸೌದೆಯನ್ನು ಹೊರೆ ಕಟ್ಟಿ ಮಾರಿದರು. ಸಿಂಹಾಸನದ ಮೇಲೆ ಕುಳಿತ ಮೈಯನ್ನು ಸೌದೆಯ ಹೊರೆಯ ಕೆಳಗೆ ಬಾಗಿಸಿದುದೇ ಅವರ ನಿಜವಾದ ಪ್ರಯಾಣವೆಂದು ನನಗೆ ತೋರುತ್ತದೆ. ಕಾಶ್ಮೀರದಿಂದ ಕಲ್ಯಾಣದ ಹಾದಿಯಾದರೂ ಅದಕ್ಕಿಂತ ಹತ್ತಿರ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದವರು. ಅವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದರು. ಒಂದು ದಿನ ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವರು ಲಕ್ಕಮ್ಮನವರು. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಬೇಕೆಂದು ಹಿಂದಿರುಗಿಸಿದವರೂ ಅವರೇ. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗವನ್ನು ಓದಿದವರು ಸಾಮಾನ್ಯವಾಗಿ ನಿರಾಶೆಯ ಪಾಠವನ್ನು ಹೇಳುವರು. ಅದು ಸರಿಯೇ. ಆದರೆ ಊರು ಬಿಡುವವನಿಗೆ ಅದರಲ್ಲಿ ಮತ್ತೊಂದು ಮಾತುಂಟು. ದೇವರಲ್ಲಿ ವಿಶ್ವಾಸವೆಂದರೆ ದೇವರು ಕೊಡುವನೆಂದು ಕುಳಿತುಕೊಳ್ಳುವದಲ್ಲ. ಇಂದಿನ ಅಕ್ಕಿಯನ್ನು ಇಂದು ಆಯುವದು. ‘ಹೋಗುತ್ತೇನೆ, ಶಿವನು ನೋಡಿಕೊಳ್ಳುವನು’ ಎನ್ನುವವನಿಗೆ ಲಕ್ಕಮ್ಮನವರು ಮೆಚ್ಚುವದಿಲ್ಲ. ಹೊತ್ತು ಮೀರಿತು, ಏಳೆನ್ನುವರು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುವದು. ಅವರು ಶರಣರು, ನಾವು ಸಾಮಾನ್ಯರು. ಅದಕ್ಕಿಂತ ಮುಖ್ಯವಾಗಿ, ಕಲ್ಯಾಣದಲ್ಲಿ ಮಹಾಮನೆಯಿದ್ದಿತು. ಬಂದವನಿಗೆ ಪ್ರಸಾದವಿದ್ದಿತು, ಸಂಗವಿದ್ದಿತು. ಇಂದಿನ ಬೆಂಗಳೂರಿನಲ್ಲಿ ಯಾವ ಮಹಾಮನೆಯು ಕಾದಿದೆ? ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾಗದು. 2020ನೆಯ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಪಟ್ಟಣಗಳಿಗೆ ಹೊಟ್ಟೆಗಾಗಿ ಹೋದ ಲಕ್ಷಾಂತರ ಜನರು ಹೆಂಡಿರು ಮಕ್ಕಳೊಡನೆ ಬಿಸಿಲಲ್ಲಿ ನಡೆದು ಹಿಂದಿರುಗಿದುದನ್ನು ನಾವು ಕಣ್ಣಾರೆ ಕಂಡೆವು. ಅವರಲ್ಲಿ ಕಾಯಕವಿರಲಿಲ್ಲವೇ? ಇದ್ದಿತು, ಅವರು ಕಟ್ಟಿದ ಮನೆಗಳಲ್ಲಿ ಪಟ್ಟಣವೇ ವಾಸವಾಗಿದ್ದಿತು. ಆದರೆ ಕೆಲಸ ನಿಂತ ದಿನ ತಲೆ ಇಡಲು ಕಟ್ಟೆಯಿರಲಿಲ್ಲ. ಆದುದರಿಂದ ‘ದುಡಿಯುವವನಿಗೆ ಎಲ್ಲಿಯೂ ಭಯವಿಲ್ಲ’ ಎಂದು ವ್ಯಾಸಪೀಠದ ಮೇಲೆ ಕುಳಿತು ಹೇಳುವದು ಸುಲಭ, ಹೇಳಿದವನು ನಡೆದು ಬರಬೇಕಾಗಿಲ್ಲ.

ಇನ್ನು ನಮ್ಮ ಸೀಮೆಯನ್ನೇ ನೋಡುವಾ. ಕಲ್ಯಾಣಕ್ಕೆ ಬಂದ ಶರಣರ ಕಥೆಗೆ ಉತ್ತರಾರ್ಧವುಂಟು. ಅದು ಕಲ್ಯಾಣವನ್ನು ಬಿಟ್ಟ ಕಥೆ. 12ನೆಯ ಶತಮಾನದ ಆ ವಿಪ್ಲವದ ತರುವಾಯ ಚೆನ್ನಬಸವಣ್ಣನವರೂ ಅವರ ಸಂಗಡಿಗರೂ ವಚನದ ಕಟ್ಟುಗಳನ್ನು ಹೊತ್ತು ಪಶ್ಚಿಮದ ಕಾಡನ್ನು ಹೊಕ್ಕರು. ಡೋಹರ ಕಕ್ಕಯ್ಯನವರ ನೆನಪು ಕಕ್ಕೇರಿಯಲ್ಲಿ ಉಳಿದಿದೆ. ಚೆನ್ನಬಸವಣ್ಣನವರ ಸಮಾಧಿಯು ಜೋಯಿಡಾ ತಾಲೂಕಿನ ಉಳವಿಯಲ್ಲಿದೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬರುವ ಭಕ್ತರು ಆ ಹಾದಿಯನ್ನು ವರ್ಷಕ್ಕೊಮ್ಮೆ ನೆನೆಯುವರು. ಉಳವಿಯಲ್ಲಿ ಶರಣರಿಗಾಗಿ ಏನು ಸಿದ್ಧವಾಗಿದ್ದಿತು? ಗವಿಗಳು ಮತ್ತು ಮಳೆ.

ಮುಂದೆ ಈ ಕಾಡುಸೀಮೆಗೆ ಬಂದವರನ್ನು ನೆನೆದರೂ ಅದೇ. ಆಫ್ರಿಕೆಯಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಅಡವಿಯನ್ನು ಸೇರಿದರು. ಅವರನ್ನು ಪರಿಶಿಷ್ಟ ಪಂಗಡವೆಂದು ಸರಕಾರವು ಗಣಿಸಿದುದು 2003ರಲ್ಲಿ. ತಾಯ್ನಾಡನ್ನು ಕಳೆದುಕೊಂಡ ಟಿಬೇಟಿನ ಜನರು 1966ರಲ್ಲಿ ಮುಂಡಗೋಡಿನಲ್ಲಿ ನೆಲೆ ಕಂಡರು. ಅವರಲ್ಲಿ ಅನೇಕರು ಇಂದಿಗೂ ಚಳಿಗಾಲದಲ್ಲಿ ದೂರದ ಪಟ್ಟಣಗಳಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರಿ ಬರುತ್ತಾರೆ. ಕಾಳೀ ನದಿಗೆ 101 ಮೀಟರು ಎತ್ತರದ ಅಣೆಕಟ್ಟು 1987ರಲ್ಲಿ ಮುಗಿದು, ತಾಲೂಕಿನ ಕೇಂದ್ರವಾಗಿದ್ದ ಸೂಪಾ ಪಟ್ಟಣವು ನೀರಿನ ಕೆಳಗಾಯಿತು. ಅಲ್ಲಿಯ ಜನರು ರಾಮನಗರದಲ್ಲಿ ಮತ್ತೆ ಒಲೆ ಹೂಡಿದರು. ಇವರಾರ ಕೈಯಲ್ಲಿಯೂ ನೇಮಕದ ಪತ್ರವಿರಲಿಲ್ಲ. ನಾವು ಸ್ಥಿರವೆಂದು ತಿಳಿದಿರುವ ಊರುಗಳೆಲ್ಲ ಒಂದು ಕಾಲಕ್ಕೆ ಬರಿಗೈಯಲ್ಲಿ ಬಂದವರ ಊರುಗಳೇ.

ಆದರೆ ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಇವರನ್ನು ಕಾಲವು ಹೊರಡಿಸಿತು. ನನ್ನೆದುರು ಕುಳಿತ ತರುಣನು ತಾನೇ ಹೊರಟವನು. ಹೊರಡಿಸಲ್ಪಟ್ಟವನನ್ನು ಯಾರೂ ಪ್ರಶ್ನಿಸಲಾರರು. ತಾನಾಗಿ ಹೊರಟವನು ಮಾತ್ರ ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಿ ಹೋಗಬೇಕು. ಶರಣರ ನಡೆಯಿಂದ ನನಗೆ ಮೂರು ಪ್ರಶ್ನೆಗಳು ಹೊಳೆದಿವೆ.

ಮೊದಲನೆಯದು: ಯಾರ ಬೆವರಿನಿಂದ ಹೋಗುವೆ? ಅಡವಿಟ್ಟ ಹೊಲದ ಹಣದಿಂದಲೋ, ತಾಯಿಯ ಕೊರಳಿನ ಬಂಗಾರದಿಂದಲೋ, ಸ್ವಂತದ ದುಡಿಮೆಯಿಂದಲೋ? ಕಾಯಕತತ್ತ್ವದ ತಿರುಳೆಂದರೆ ಅನ್ಯರ ಹಂಗಿನಲ್ಲಿ ಬಾಳಬಾರದೆಂಬದು. ತನ್ನ ಸಾಹಸದ ಬೆಲೆಯನ್ನು ಮುಪ್ಪಿನವರು ತೆರುವಂತಾದರೆ ಅದು ಸಾಹಸವಲ್ಲ, ಸಾಲ. ಆದರೆ ಈ ಪ್ರಶ್ನೆಯು ಎರಡೂ ಕಡೆಗೆ ಹರಿತವಾದುದು. ಪತ್ರಕ್ಕಾಗಿ ಮನೆಯಲ್ಲಿ ಆರು ವರ್ಷ ಕಾಯುವವನು ಯಾರ ಬೆವರಿನಿಂದ ಉಣ್ಣುತ್ತಾನೆ? ಹೊರಟವನ ಬರಿಗೈ ಮಾತ್ರ ನಮ್ಮ ಕಣ್ಣಿಗೆ ಬೀಳುವದು. ಕುಳಿತವನ ಬರಿಗೈ ಬೀಳುವದಿಲ್ಲ. ಹದಿನೈದು ವರ್ಷಗಳ ಹಿಂದೆ ನನಗೆ ಕಾಣದೆ ಹೋದುದು ಇದೇ. ನಾನು ಶಿಷ್ಯನನ್ನು ಅಪಾಯದಿಂದ ಉಳಿಸಿದೆನೆಂದು ತಿಳಿದೆನು. ವಾಸ್ತವದಲ್ಲಿ ಅವನ ಕಾಯಕವನ್ನು ಕಸಿದುಕೊಂಡಿದ್ದೆನು.

ಎರಡನೆಯದು: ಯಾವ ಕೆಲಸವನ್ನು ಕೀಳೆನ್ನುವೆ? ಹೊಸ ಊರಿನಲ್ಲಿ ಮೊದಲು ದೊರೆಯುವದು ಓದಿದ ವಿದ್ಯೆಗೆ ತಕ್ಕ ಕೆಲಸವಾಗಿರುವದು ಅಪರೂಪ. ಗಾಡಿ ಹೊಡೆಯುವದೋ, ಮನೆಮನೆಗೆ ಊಟ ತಲುಪಿಸುವದೋ, ರಾತ್ರಿ ಬಾಗಿಲು ಕಾಯುವದೋ ಆಗಬಹುದು. ‘ನಾನು ಇಂಥವನು, ಇಂಥ ಕೆಲಸವನ್ನೇ ಮಾಡುವೆನು’ ಎಂಬವನು ಊರಿನಲ್ಲಿಯೇ ಪತ್ರಕ್ಕಾಗಿ ಕಾಯುವದು ಲೇಸು. ಮಾರಯ್ಯನವರ ಸೌದೆಯ ಹೊರೆಯನ್ನು ನೆನೆದು, ‘ಬಂದುದನ್ನು ಮಾಡುವೆನು, ಮಾಡುತ್ತ ನನ್ನದನ್ನು ಹುಡುಕುವೆನು’ ಎಂಬವನು ಹೋಗಬಹುದು.

ಮೂರನೆಯದು: ಯಾವದಕ್ಕೆ ಒಲ್ಲೆನೆನ್ನುವೆ? ಹಸಿದವನಿಗೆ ಪಟ್ಟಣದಲ್ಲಿ ಕೆಲಸವೇ ಅಲ್ಲದ ಕೆಲಸಗಳೂ ದೊರೆಯುವವು. ಸುಳ್ಳು ಹೇಳಿ ಮಾರುವದು, ಮುದುಕರನ್ನು ದೂರವಾಣಿಯಲ್ಲಿ ನಂಬಿಸಿ ಹಣ ಕೀಳುವದು, ‘ಹಣ ಕಟ್ಟು, ನೌಕರಿ ಕೊಡಿಸುವೆನು’ ಎನ್ನುವವರ ಬಲೆಗೆ ತಾನೂ ಬಿದ್ದು ಇತರರನ್ನೂ ಎಳೆಯುವದು. ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಯಲು ಹೇಳಿದ ಲಕ್ಕಮ್ಮನವರು ಮನೆಯಲ್ಲಿ ತುಂಬಿದ ಕಣಜವಿದ್ದು ಹಾಗೆ ಹೇಳಿದವರಲ್ಲ. ಇಲ್ಲದಿರುವಾಗ ಒಲ್ಲೆನೆನ್ನುವ ಬಲವಿಲ್ಲದವನು ಪಟ್ಟಣಕ್ಕೆ ಹೋದರೆ, ಅವನ ದೇಹವು ಹೊಟ್ಟೆ ತುಂಬಿಕೊಂಡು ಮರಳಬಹುದು, ಅವನೇ ಮರಳಲಾರನು.

ಇಷ್ಟೂ ಹೋಗುವವನ ಧರ್ಮ. ಬರಮಾಡಿಕೊಳ್ಳುವವರ ಧರ್ಮವೂ ಒಂದುಂಟು. ಅದರ ಹೆಸರು ದಾಸೋಹ. ಕಾಯಕವೂ ದಾಸೋಹವೂ ಒಂದೇ ಪಕ್ಷಿಯ ಎರಡು ರೆಕ್ಕೆಗಳು; ಒಂದನ್ನು ಬಡವನಿಗೆ ಬೋಧಿಸಿ ಮತ್ತೊಂದನ್ನು ಉಳ್ಳವರು ಮರೆತರೆ ಹಾರಾಟವಿಲ್ಲ. ಕಳೆದ ಶತಮಾನದಲ್ಲಿ ನಮ್ಮ ಮಠಗಳು ಇದನ್ನರಿತು ಪ್ರಸಾದನಿಲಯಗಳನ್ನು ತೆರೆದವು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನಿತ್ತರು. ಓದುವ ಹುಡುಗನಿಗೆ ಹೀಗೆ ಒಂದು ಆಸರೆಯು ಉಂಟಾಯಿತು. ಓದು ಮುಗಿಸಿ ಕೆಲಸ ಹುಡುಕುವ ಹುಡುಗನಿಗೆ ಮಾತ್ರ ಅಂಥ ಆಸರೆ ವಿರಳ. ನನ್ನ ತಂದೆಯವರಿಗೆ ಕಟ್ಟೆ ಬಿಟ್ಟುಕೊಟ್ಟ ಆ ಅಂಗಡಿಯವರು ಯಾವ ಪೀಠವನ್ನೂ ಏರಿದವರಲ್ಲ. ಅವರು ಕೊಟ್ಟುದು ಆರಡಿ ಉದ್ದದ ಕಲ್ಲು ಕಟ್ಟೆ. ಅದರ ಮೇಲೆ ನಮ್ಮ ಮನೆತನವೇ ನಿಂತಿದೆ.

ಎಂಟು ದಿನಗಳ ಮೇಲೆ ತಂದೆ ಮಕ್ಕಳು ಮತ್ತೆ ಬಂದರು. ನಾನು ಮಗನಿಗೆ ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದೆನು. ಮೊದಲನೆಯದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ತಂದೆಯಿಂದಲೇ ಹಣ ಕೇಳಿದ್ದನು. “ಹಾಗಾದರೆ ಕಬ್ಬಿನ ಹಂಗಾಮು ಮುಗಿಯುವವರೆಗೆ ಇಲ್ಲಿಯೇ ದುಡಿ. ಮೋಟಾರು ದುರಸ್ತಿಯ ಅಂಗಡಿಯಲ್ಲಿ ಕೈ ಪಳಗಿಸು. ಮೂರು ತಿಂಗಳ ಊಟದ ಹಣ ನಿನ್ನದೇ ಆದ ದಿನ ಹೊರಡು. ಆರು ತಿಂಗಳಲ್ಲಿ ನೆಲೆ ನಿಲ್ಲದಿದ್ದರೆ ನಾಚದೆ ತಿರುಗಿ ಬಾ” ಎಂದೆನು. ತಂದೆಯವರ ಕಡೆಗೆ ತಿರುಗಿ, “ತಿರುಗಿ ಬಂದರೆ ‘ನಾ ಹೇಳಿರಲಿಲ್ಲವೇ’ ಎಂಬ ಮಾತನ್ನು ಆಡಬಾರದು. ಅದನ್ನು ಒಪ್ಪುವಿರಾ?” ಎಂದು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆತ್ರಿ” ಎಂದರು. ಆ ಒಂದು ಮಾತು ಅವರಿಗೆ, ಮಗನ ಆರು ತಿಂಗಳ ದುಡಿಮೆಗಿಂತ ಕಷ್ಟದ್ದಾಗಿದ್ದಿತೆಂದು ನಾನು ಬಲ್ಲೆ.

ಹುಡುಗನು ಉಳವಿಯ ಜಾತ್ರೆಯನ್ನು ಮುಗಿಸಿಕೊಂಡು ಹೊರಟನು. ಅವನ ಸೋದರಮಾವನ ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ತಮ್ಮ ಮನೆಯ ಮೇಲಿನ ಸಣ್ಣ ಕೋಣೆಯನ್ನು ಒಂದು ತಿಂಗಳು ಬಿಟ್ಟುಕೊಟ್ಟರು. ಮೊದಲ ಎರಡು ವಾರ ಕಟ್ಟಡಗಳಿಗೆ ತಂತಿಯ ಸುರುಳಿಗಳನ್ನು ಹೊತ್ತನಂತೆ. ಈಗ ಅದೇ ಗುತ್ತಿಗೆದಾರರಲ್ಲಿ ತಂತಿ ಜೋಡಿಸುವ ಕೆಲಸ ಮಾಡುತ್ತಾನೆ. ಅದು ಸ್ಥಿರವಾದುದೇನೂ ಅಲ್ಲ. ಕೆಲವೊಮ್ಮೆ ರಾತ್ರಿ ದೂರವಾಣಿ ಮಾಡುತ್ತಾನೆ. ಹೇಗಿದ್ದೀಯೆಂದು ಕೇಳಿದರೆ, “ಇವತ್ತಿಂದು ಆತ್ರಿ ಸರ್” ಎನ್ನುತ್ತಾನೆ. ನಾಳೆಯ ಮಾತನ್ನು ಅವನೂ ಎತ್ತುವದಿಲ್ಲ, ನಾನೂ ಕೇಳುವದಿಲ್ಲ. ಆರು ತಿಂಗಳು ಇನ್ನೂ ಮುಗಿದಿಲ್ಲ. ಅವನು ನಿಂತರೂ ಸರಿ, ಮರಳಿದರೂ ಸರಿ. ಎರಡರಲ್ಲಿಯೂ ಅವನ ಕಾಯಕವು ಅವನ ಕೈಯಲ್ಲಿರುವದು.

ಆದುದರಿಂದ ಗೃಹಸ್ಥ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮಗನೋ ಮಗಳೋ ಹೊಸ ಊರಿಗೆ ಹೊರಟು ನಿಂತಾಗ, ಕೆಲಸ ಸಿಕ್ಕಿದೆಯೇ ಎಂದು ಮಾತ್ರ ಕೇಳಬೇಡಿರಿ. ಕಾಯಕವಿದೆಯೇ ಎಂದು ಕೇಳಿರಿ. ಇಲ್ಲವಾದರೆ ಅದನ್ನು ಕಲಿಯುವವರೆಗೆ ತಡೆಯಿರಿ. ಇದ್ದರೆ ಹರಸಿ ಕಳುಹಿಸಿರಿ. ನೀವೇ ಪಟ್ಟಣವಾಸಿಗಳಾಗಿದ್ದು, ಊರಿನಿಂದ ಬಂದ ಹುಡುಗನೊಬ್ಬನು ಚೀಲ ಹಿಡಿದು ನಿಮ್ಮ ಬಾಗಿಲಲ್ಲಿ ನಿಂತರೆ, ನೌಕರಿ ಕೊಡಿಸಲಾರೆವೆಂದು ಸಂಕೋಚಪಟ್ಟು ಬಾಗಿಲು ಮುಚ್ಚಬೇಡಿರಿ. ನೌಕರಿಯನ್ನು ಅವನು ಹುಡುಕಿಕೊಳ್ಳುವನು. ನಿಮ್ಮ ಕಟ್ಟೆಯು ಒಂದು ತಿಂಗಳ ಮಟ್ಟಿಗೆ ಮಹಾಮನೆಯಾಗಲಿ.